ಮೂವತ್ತು ಸಾವಿರದ ಮೂವತ್ತೊಂದು ಗುಂಡಿಗಳು

ಸಂಖ್ಯೆಗಳಲ್ಲಿ ಸಾಧು ಸಂಖ್ಯೆಗಳೂ ಇವೆ, ತಂಟೆಕೋರ ಸಂಖ್ಯೆಗಳೂ ಇವೆ. ಹತ್ತು, ಹನ್ನೆರಡು, ಇಪ್ಪತ್ನಾಲ್ಕು, ಮೂವತ್ತು ಇವೆಲ್ಲ ಮರ್ಯಾದಸ್ಥ ಸಂಸಾರಿಗಳು. ಕೂರು ಅಂದಲ್ಲಿ ಕೂರುತ್ತವೆ, ಎರಡಾಗು ಅಂದರೆ ಎರಡಾಗುತ್ತವೆ. ಎಣಿಕೆರಾಯರು ತಮ್ಮ ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಇಂಥ ಸಾಧುಗಳ ಜೊತೆ ಮಾತ್ರ ಒಡನಾಡಿದವರು. ಹಾಗಾಗಿ ಒಂದು ಮಂಗಳವಾರ ತಂಟೆಕೋರ ಸಂಖ್ಯೆಯೊಂದು ಎದುರಿಗೆ ಬಂದು ನಿಂತಾಗ ಅವರಿಗೆ ಏನು ಮಾಡಬೇಕೆಂದೇ ತೋಚಲಿಲ್ಲ.

ಎಣಿಕೆರಾಯರ ಉದ್ಯೋಗ ಗುಂಡಿ ಕಾರ್ಖಾನೆಯಲ್ಲಿ ಎಣಿಕೆ ಕೂಗುವುದು. ಅಂಗಿ, ಕೋಟುಗಳಿಗೆ ಹಾಕುವ ಗುಂಡಿಗಳು ಯಂತ್ರದಿಂದ ಇಳಿದು ಪ್ಯಾಕಿಂಗ್ ಕೋಣೆಯ ಉದ್ದನೆಯ ಮೇಜಿನ ಮೇಲೆ ರಾಶಿಯಾಗಿ ಬೀಳುತ್ತವೆ. ಮೇಜಿನ ಸುತ್ತ ಹನ್ನೆರಡು ಜನ ಹೆಂಗಸರು, ಒಬ್ಬೊಬ್ಬರ ಮುಂದೆ ಒಂದೊಂದು ಬಟ್ಟೆಯ ಚೀಲ. ರಾಯರು ನೀಲಿ ಏಪ್ರನ್ನನ್ನು ಕತ್ತಿನವರೆಗೆ ಕಟ್ಟಿಕೊಂಡು ಸ್ಟೂಲಿನ ಮೇಲೆ ನಿಂತು "ಒಂದು" ಎಂದು ಕೂಗಿದರೆ ಹನ್ನೆರಡು ಚೀಲಕ್ಕೆ ಹನ್ನೆರಡು ಗುಂಡಿ ಬೀಳಬೇಕು. "ಎರಡು" ಅಂದರೆ ಇನ್ನೊಂದು ಸುತ್ತು. ಹೆಂಗಸರು ಎಣಿಸುವ ಹಾಗಿಲ್ಲ. ಎಣಿಸಿದರೆ ಗೊಂದಲವಾಗುತ್ತದೆ ಎಂದು ರಾಯರೇ ಹಾಕಿದ ಕಟ್ಟಪ್ಪಣೆ. ಕೂಗಿದರೆ ಹಾಕುವುದು, ಕೂಗದಿದ್ದರೆ ಸುಮ್ಮನಿರುವುದು, ಅಷ್ಟೇ ಅವರ ಕೆಲಸ.

ರಾಯರಿಗೆ ತಮ್ಮ ಗಂಟಲಿನ ಬಗ್ಗೆ ಸ್ವಲ್ಪ ಹೆಚ್ಚೇ ಹೆಮ್ಮೆ. ಒಂದೇ ಉಸಿರಿನಲ್ಲಿ ನಲವತ್ತಾರರವರೆಗೆ ಕೂಗಬಲ್ಲ ಮನುಷ್ಯ ಸುತ್ತಮುತ್ತ ಎಲ್ಲೂ ಇಲ್ಲ ಎಂದು ಅವರು ಹೊಸಬರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಕಾರ್ಖಾನೆಯಲ್ಲಿ ಈ ಶಕ್ತಿಯ ಅಗತ್ಯವೇ ಬೀಳುತ್ತಿರಲಿಲ್ಲ, ಯಾಕೆಂದರೆ ಯಾವ ಚೀಲಕ್ಕೂ ಮೂವತ್ತಕ್ಕಿಂತ ಹೆಚ್ಚು ಗುಂಡಿ ಹಾಕುವ ರೂಢಿ ಇರಲಿಲ್ಲ. ಹಾಗಾಗಿ ಅವರು ಆ ಶಕ್ತಿಯನ್ನು ಮನೆಯ ಮೆಟ್ಟಿಲ ಮೇಲೆ ಖರ್ಚು ಮಾಡುತ್ತಿದ್ದರು. ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ. ದಿನಾ ಸಂಜೆ ಕೂಗುತ್ತಾ ಹತ್ತಿ, ನಲವತ್ತಾರನೇ ಮೆಟ್ಟಿಲಲ್ಲಿ ನಿಂತು ದೊಡ್ಡದೊಂದು ಉಸಿರೆಳೆದು, ಮುಂದಿನ ಮೆಟ್ಟಿಲಿಗೆ "ನಲವತ್ತೆಂಟು" ಎಂದು ಶುರು ಮಾಡಿ, ಬಾಗಿಲ ಮುಂದೆ "ಅರವತ್ತು" ಎಂದು ಮುಗಿಸುತ್ತಿದ್ದರು.

"ಐವತ್ತೊಂಬತ್ತು," ಎಂದು ಕೆಳಗಿನಿಂದ ಒಂದು ದನಿ ಬರುತ್ತಿತ್ತು.

ಅದು ನೆಲಮಹಡಿಯ ನಿವೃತ್ತ ಗಣಿತದ ಮಾಸ್ತರದು. ಮೆಟ್ಟಿಲು ಐವತ್ತೊಂಬತ್ತೋ ಅರವತ್ತೋ ಎಂಬ ಈ ವ್ಯಾಜ್ಯಕ್ಕೆ ಎರಡು ವರ್ಷ ತುಂಬಿತ್ತು. ಮಾಸ್ತರು ಮಂಡಿನೋವಿನವರು. ಮನೆಗೆ ಬಂದ ದಿನ ಒಮ್ಮೆ ಹತ್ತಿ ಎಣಿಸಿದ್ದೇ ಕೊನೆ, ಮತ್ತೆ ಹತ್ತಿರಲಿಲ್ಲ. ಒಮ್ಮೆ ಎಣಿಸಿದ್ದನ್ನು ಮತ್ತೆ ಎಣಿಸುವುದು ಗಣಿತಕ್ಕೆ ಅವಮಾನ ಎಂಬುದು ಅವರ ವಾದ. ರಾಯರು ದಿನಕ್ಕೊಮ್ಮೆ ಎಣಿಸುತ್ತಿದ್ದರು, ದಿನವೂ ಅರವತ್ತೇ ಬರುತ್ತಿತ್ತು. ಲೋಕದಲ್ಲಿ ಏನೇ ಏರುಪೇರಾದರೂ ತಮ್ಮ ಮೆಟ್ಟಿಲು ಅರವತ್ತು ಎಂಬ ಒಂದು ವಿಷಯದಲ್ಲಿ ಅವರಿಗೆ ಅನುಮಾನವಿರಲಿಲ್ಲ.

ಇನ್ನು ಆ ಮಂಗಳವಾರದ ಸಂಗತಿ. ಕಾರ್ಖಾನೆಗೆ ಜೈಲು ಇಲಾಖೆಯಿಂದ ದೊಡ್ಡ ಆರ್ಡರು ಬಂದಿತ್ತು. ಕಾವಲುಗಾರರ ಸಮವಸ್ತ್ರಕ್ಕೆ ಹಿತ್ತಾಳೆ ಗುಂಡಿ, ಗುಂಡಿಯ ಮೇಲೆ ಅಡ್ಡಡ್ಡ ಇಟ್ಟ ಎರಡು ಬೀಗದಕೈಗಳ ಮುದ್ರೆ. ಕೇಳಿದ್ದು ಮೂವತ್ತು ಸಾವಿರ. ಆದರೆ ಯಂತ್ರ ನಿಲ್ಲಿಸಬೇಕಾದವನಿಗೆ ಸರಿಯಾಗಿ ಆ ಹೊತ್ತಿಗೆ ಸೀನು ಹತ್ತಿಕೊಂಡು, ಅವನು ಮೂಗೊರೆಸಿಕೊಂಡು ಸ್ವಿಚ್ಚು ಒತ್ತುವಷ್ಟರಲ್ಲಿ ಇನ್ನೂ ಮೂವತ್ತೊಂದು ಇಳಿದುಬಿಟ್ಟಿದ್ದವು. ಯಂತ್ರದ ಮೀಟರಿನಲ್ಲಿ 30,031 ಎಂದು ಬಿತ್ತು. ಇಲಾಖೆಯ ಕಡೆಯವರು ಅದನ್ನು ಬರೆದುಕೊಂಡು, ಮುದ್ರೆಯ ಅಚ್ಚನ್ನು ಎಲ್ಲರೆದುರು ಸುತ್ತಿಗೆಯಿಂದ ಒಡೆದು ಹೋಗಿದ್ದರು. ಇನ್ನು ಒಂದು ಗುಂಡಿ ಹೆಚ್ಚು ಮಾಡುವಂತಿಲ್ಲ. ಒಂದನ್ನು ಎಸೆಯುವಂತೆಯೂ ಇಲ್ಲ.

ಮ್ಯಾನೇಜರು ಇಲಾಖೆಯ ಪತ್ರವನ್ನು ಗಟ್ಟಿಯಾಗಿ ಓದಿದರು. "ತಯಾರಾದ ಅಷ್ಟೂ ಗುಂಡಿಗಳನ್ನು ಚೀಲಗಳಲ್ಲಿ ತುಂಬತಕ್ಕದ್ದು. ಪ್ರತಿ ಚೀಲದಲ್ಲೂ ಒಂದೇ ಲೆಕ್ಕ ಇರತಕ್ಕದ್ದು. ಬಿಡಿಯಾಗಿ ಒಂದೂ ಉಳಿಯತಕ್ಕದ್ದಲ್ಲ."

"ಅದೇನು ಮಹಾ ಸಾರ್," ಎಂದರು ರಾಯರು. "ಹನ್ನೆರಡು ಹನ್ನೆರಡು ಹಾಕೋಣ."

ಮ್ಯಾನೇಜರು ಕ್ಯಾಲ್ಕುಲೇಟರ್ ಒತ್ತಿದರು. "ಏಳು ಉಳಿಯುತ್ತೆ."

"ಹೋಗಲಿ, ಹತ್ತು ಹತ್ತು."

"ಒಂದು ಉಳಿಯುತ್ತೆ."

"ಹದಿನೈದು?"

"ಒಂದು."

"ಹದಿನಾಲ್ಕು ಹಾಕೋದು ಚೆನ್ನಾಗಿರಲ್ಲ, ಆದರೂ ನೋಡಿ."

ಮ್ಯಾನೇಜರು ಒತ್ತಿದರು. ಕ್ಯಾಲ್ಕುಲೇಟರನ್ನು ಒಮ್ಮೆ ಅಲುಗಾಡಿಸಿ ಮತ್ತೆ ಒತ್ತಿದರು. "ಒಂದೇ ಕಣ್ರೀ."

ಐದಕ್ಕೆ ಒಂದು, ಆರಕ್ಕೆ ಒಂದು, ಏಳಕ್ಕೆ ಒಂದು, ಹನ್ನೊಂದಕ್ಕೆ ಒಂದು, ಹದಿಮೂರಕ್ಕೂ ಒಂದು. ನಲವತ್ತು, ಐವತ್ತು, ಅರವತ್ತು ನೋಡಿದರೆ ಆ ಮೂರಕ್ಕೂ ಮೂವತ್ತೊಂದು. ಅರವತ್ತರ ಮೇಲೆ ಚೀಲದ ಬಾಯಿ ಕಟ್ಟಲು ಬರುವುದಿಲ್ಲ. ಮರ್ಯಾದಸ್ಥ ಸಂಖ್ಯೆಗಳೆಲ್ಲ ಮುಗಿದುಹೋದವು. ಹೆಂಗಸರು ಕೈಕೆಲಸ ಬಿಟ್ಟು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಪ್ರತಿ ಸಲವೂ ಬಂದು ಎದುರಿಗೆ ಕೂರುವ ಆ ಒಂದು ಗುಂಡಿ ಯಾವುದು, ಅದಕ್ಕೆ ತಮ್ಮ ಮೇಲೆ ಯಾಕೆ ಇಷ್ಟು ದ್ವೇಷ ಎಂದು ರಾಯರಿಗೆ ನಿಜವಾಗಿ ಭಯವಾಯಿತು.

ಕೊನೆಗೆ ಕಣ್ಣಾರೆ ನೋಡಿಯೇಬಿಡೋಣ ಎಂದು ಮೂವತ್ತರಂತೆ ಕೂಗಿ ತುಂಬಿಸಿದರು. ಸಾವಿರದ ಒಂದು ಚೀಲ ಭರ್ತಿಯಾದವು. ಮೇಜಿನ ನಡುವೆ ಒಂದು ಗುಂಡಿ ಉಳಿದು ಮಿನುಗುತ್ತಿತ್ತು.

ಮ್ಯಾನೇಜರು ಮೇಜಿನ ಖಾನೆಯಿಂದ ಬಣ್ಣದ ಪುಸ್ತಕವೊಂದನ್ನು ಹೊರತೆಗೆದರು. ಎಣಿಸುವ ಯಂತ್ರಗಳ ಚಿತ್ರಗಳಿದ್ದ ಆ ಪುಸ್ತಕದಲ್ಲಿ ಒಂದು ಪುಟದ ಕಿವಿ ಮಡಚಿತ್ತು. "ನೋಡಿ ರಾಯರೇ, ಇದಕ್ಕೆ ಸ್ಟೂಲು ಬೇಡ, ಗಂಟಲು ಬೇಡ. ನಾನು ಇಷ್ಟು ದಿನ ನಿಮ್ಮ ಮುಖ ನೋಡಿ ಸುಮ್ಮನಿದ್ದೆ. ನಾಳೆ ಇಲಾಖೆಯ ಅಧಿಕಾರಿ ಬರ್ತಾರೆ. ಅಷ್ಟರಲ್ಲಿ ಈ ಒಂದು ಗುಂಡಿಗೆ ದಾರಿ ತೋರಿಸಿ. ಇಲ್ಲ ಅಂದ್ರೆ ನಾಡಿದ್ದರಿಂದ ಈ ಯಂತ್ರ ಬರುತ್ತೆ, ನೀವು ಬರೋದು ಬೇಡ." ಹೀಗೆಂದು ಆ ಗುಂಡಿಯನ್ನು ರಾಯರ ಅಂಗೈಯಲ್ಲಿಟ್ಟರು. ರಾಯರು ಅದನ್ನು ಏಪ್ರನ್ನಿನ ಒಳಗೆ, ಅಂಗಿಯ ಜೇಬಿಗೆ ಹಾಕಿಕೊಂಡು, ಕಾಲು ಎಳೆಯುತ್ತಾ ಮನೆಗೆ ಹೊರಟರು.

ಅವತ್ತು ಅವರು ಮೆಟ್ಟಿಲು ಎಣಿಸಲಿಲ್ಲ. ನೇರವಾಗಿ ಮಾಸ್ತರ ಬಾಗಿಲು ತಟ್ಟಿದರು. ಎರಡು ವರ್ಷದ ಶತ್ರು ತಾನಾಗಿ ಬಂದದ್ದು ಕಂಡು ಮಾಸ್ತರು ದಂಗಾದರು.

"ಮಾಸ್ತರೇ, ಮೆಟ್ಟಿಲ ವಿಷಯ ಆಮೇಲೆ. ಒಂದು ಸಂಖ್ಯೆ ನನ್ನ ಅನ್ನ ಕಿತ್ಕೊಳ್ತಾ ಇದೆ."

ಸಂಖ್ಯೆ ಕೇಳಿ ಮಾಸ್ತರು ಕಾಗದ, ಪೆನ್ಸಿಲು ತಗೊಂಡರು. ಕಾಲು ಗಂಟೆಯಲ್ಲಿ ಅವರ ಮುಖ ಕೆಂಪೇರಿತು. "ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು. ಈ ಆರನ್ನೂ ಒಟ್ಟಿಗೆ ಗುಣಿಸಿದರೆ ಎಷ್ಟು ಬರುತ್ತೆ ಗೊತ್ತೇನ್ರೀ? ಮೂವತ್ತು ಸಾವಿರದ ಮೂವತ್ತು. ಅದಕ್ಕೆ ಒಂದು ಸೇರಿಸಿದರೆ ನಿಮ್ಮ ಸಂಖ್ಯೆ. ಆ ಆರರಲ್ಲಿ ಯಾವುದರಿಂದ ಭಾಗಿಸಿದರೂ ಒಂದು ಉಳಿಯುತ್ತೆ. ಉಳಿಯದೆ ಎಲ್ಲಿಗೆ ಹೋಗುತ್ತೆ?"

"ಅಯ್ಯೋ," ಎಂದು ರಾಯರು ಕುರ್ಚಿಯಲ್ಲಿ ಕುಸಿದರು. "ಹಾಗಾದ್ರೆ ಬೇರೆ ಯಾವುದಕ್ಕೂ ಜಗ್ಗಲ್ವಾ ಇದು?"

"ನೂರ ಎಪ್ಪತ್ತಮೂರರವರೆಗೆ ಒಂದೊಂದಾಗಿ ನೋಡಬೇಕು ಅಂತ ಪುಸ್ತಕ ಹೇಳುತ್ತೆ," ಎಂದು ಮಾಸ್ತರು ಪೆನ್ಸಿಲು ಕೆಳಗಿಟ್ಟರು. "ಆದರೆ ಇಷ್ಟು ಶಿಸ್ತಾಗಿ ಹದಿಮೂರರವರೆಗೂ ನಿಂತಿದ್ದು ಮುಂದೆ ಬಗ್ಗುತ್ತಾ? ನನ್ನ ಮೂವತ್ತೈದು ವರ್ಷದ ಅನುಭವದಲ್ಲಿ ಹೇಳ್ತೀನಿ, ಇದು ಅವಿಭಾಜ್ಯ ಸಂಖ್ಯೆ. ಅಂದರೆ ಯಾರ ಅಪ್ಪನಿಂದಲೂ ಭಾಗ ಮಾಡೋಕಾಗಲ್ಲ."

ರಾಯರಿಗೆ ಇದ್ದಕ್ಕಿದ್ದಂತೆ ಧೈರ್ಯ ಬಂತು. ತಪ್ಪು ತಮ್ಮದಲ್ಲ, ಸಂಖ್ಯೆಯದು. ಇದನ್ನು ಬರಹದಲ್ಲಿ ಕೊಡಿ ಎಂದರು. ಮಾಸ್ತರು ಖುಷಿಯಿಂದ ಒಂದು ಪ್ರಮಾಣಪತ್ರ ಬರೆದು, ಕೆಳಗೆ ಸಹಿ ಹಾಕಿ, ತಮ್ಮ ಹೆಸರಿನ ರಬ್ಬರ್ ಮುದ್ರೆಯನ್ನು ಎರಡು ಕಡೆ ಒತ್ತಿಕೊಟ್ಟರು.

ಇತ್ತ ರಾಯರು ಪ್ರಮಾಣಪತ್ರವನ್ನು ಮೂರು ಸಲ ಓದಿ ನಿದ್ದೆ ಹೋದ ಮೇಲೆ ಅವರ ಹೆಂಡತಿ ಅಂಗಿ ಒಗೆಯಲು ತೆಗೆದುಕೊಂಡರು. ಅಂಗಿಯ ಮೂರನೇ ಗುಂಡಿ ಇರಲಿಲ್ಲ. ಜೇಬಿನಲ್ಲಿ ಒಂದು ಗುಂಡಿ ಇತ್ತು. ಗುಂಡಿ ಕಾರ್ಖಾನೆಯಲ್ಲಿ ಕೆಲಸ ಮಾಡುವ ಗಂಡ ಎಲ್ಲಿಂದಲೋ ಒಂದು ಒಳ್ಳೆಯ ಗುಂಡಿ ತಂದುಕೊಂಡಿದ್ದಾರೆ, ಹೊಲಿದುಕೊಡು ಎಂದು ಕೇಳಲು ಸಂಕೋಚ ಎಂದು ಆಕೆ ತಿಳಿದರು. ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ಗಂಡನಿಗೆ ಸಂಕೋಚ ಹುಟ್ಟಿದ್ದು ಕಂಡು ಅವರಿಗೆ ಪ್ರೀತಿ ಉಕ್ಕಿತು. ಗುಂಡಿಯನ್ನು ನಾಲ್ಕೆಳೆ ದಾರದಲ್ಲಿ ಬಿಗಿಯಾಗಿ ಹೊಲಿದರು. ಬೆಳಿಗ್ಗೆ ರಾಯರು ಅವಸರದಲ್ಲಿ ಅದೇ ಅಂಗಿ ತೊಟ್ಟು, ಮೇಲೆ ಏಪ್ರನ್ನು ಕಟ್ಟಿಕೊಂಡು, ಪ್ರಮಾಣಪತ್ರ ಹಿಡಿದು ಹೊರಟರು.

ಜೈಲು ಇಲಾಖೆಯ ಅಧಿಕಾರಿ ಹತ್ತು ಗಂಟೆಗೆ ಬಂದರು. ತೆಳ್ಳಗೆ, ಉದ್ದಕ್ಕೆ ಇದ್ದ ಮನುಷ್ಯ. ಬಂದವರೇ ನಮಸ್ಕಾರಕ್ಕೂ ಮೊದಲು ಕೋಣೆಯಲ್ಲಿದ್ದ ಜನರನ್ನು ಬೆರಳು ತೋರಿಸಿ ಎಣಿಸಿದರು. ಜೈಲಿನಲ್ಲಿ ದಿನಕ್ಕೆರಡು ಸಲ ತಲೆ ಎಣಿಸಿ ಎಣಿಸಿ ಬಂದ ಅಭ್ಯಾಸ ಅದು.

"ಚೀಲ ಸಾವಿರದ ಒಂದು. ಚೀಲಕ್ಕೆ ಮೂವತ್ತು. ಅಲ್ಲಿಗೆ ಮೂವತ್ತು ಸಾವಿರದ ಮೂವತ್ತು," ಎಂದರು ಅಧಿಕಾರಿ. "ನನ್ನ ಪುಸ್ತಕದಲ್ಲಿ ಇನ್ನೊಂದು ಇದೆ. ಎಲ್ಲಿ?"

"ಇದೆ ಸಾರ್, ಭದ್ರವಾಗಿದೆ," ಎಂದು ಮ್ಯಾನೇಜರು ರಾಯರ ಕಡೆ ತಿರುಗಿದರು. ರಾಯರು ಏಪ್ರನ್ನಿನ ಒಳಗೆ ಕೈಹಾಕಿ ಜೇಬು ತಡಕಿದರು. ಮತ್ತೆ ತಡಕಿದರು. ಜೇಬಿನಲ್ಲಿ ಒಗೆದು ಒಣಗಿದ ಬಸ್ ಟಿಕೆಟಿನ ಉಂಡೆ ಮಾತ್ರ ಇತ್ತು.

"ಆ ಗುಂಡಿ ಹೊರಗೆ ಹೋಯ್ತು ಅಂದ್ರೆ ಏನರ್ಥ ಗೊತ್ತಾ?" ಅಧಿಕಾರಿ ಮೆಲ್ಲಗೆ ಕೇಳಿದರು. ಮೆಲ್ಲಗೆ ಕೇಳಿದ್ದಕ್ಕೇ ಹೆಚ್ಚು ಭಯವಾಯಿತು. "ಯಾರೋ ಒಬ್ಬ ಅದನ್ನ ಕೋಟಿಗೆ ಹಾಕ್ಕೊಂಡು ಬಂದು ಜೈಲಿನ ಗೇಟು ತೆಗೆಸ್ತಾನೆ."

"ಒಂದೇ ಗುಂಡೀಲಿ ಕೋಟು ನಿಲ್ಲಲ್ವಲ್ಲ ಸಾರ್," ಎಂದು ಮೇಜಿನ ಹಿರಿಯಾಕೆ, ಎಲ್ಲರೂ ಅಕ್ಕ ಎಂದು ಕರೆಯುವವರು, ಸಮಾಧಾನ ಹೇಳಲು ನೋಡಿದರು.

"ನಮ್ಮ ಕಾವಲುಗಾರರ ಕೋಟುಗಳ ಸ್ಥಿತಿ ನೀವು ನೋಡಿಲ್ಲ," ಎಂದರು ಅಧಿಕಾರಿ.

ಹುಡುಕಾಟ ಶುರುವಾಯಿತು. ಹೆಂಗಸರು ಎದ್ದು ಸೆರಗು ಕೊಡವಿದರು. ಯಂತ್ರದವನು ಚಪ್ಪಲಿ ಬಿಚ್ಚಿ ತಲೆಕೆಳಗು ಮಾಡಿದ. ಮ್ಯಾನೇಜರು ಚಹಾದ ಕೆಟಲ್ಲನ್ನೇ ಕಸದ ಬುಟ್ಟಿಗೆ ಬಗ್ಗಿಸಿ, ಒಳಗಿನಿಂದ ಬಿದ್ದದ್ದೆಲ್ಲವನ್ನೂ ಬೆರಳಿನಿಂದ ಕೆದಕಿದರು. ರಾಯರು ಮೇಜಿನ ಕೆಳಗೆ ತೂರಲು ಏಪ್ರನ್ನು ಅಡ್ಡ ಬರುತ್ತದೆಂದು ಬಿಚ್ಚಿ ಬಿಸಾಡಿ, ಅಂಬೆಗಾಲಿಟ್ಟು ಅತ್ತ ಹೋದರು, ಇತ್ತ ಬಂದರು. ಕೊನೆಗೆ ಸರಿಯಾಗಿ ಅಧಿಕಾರಿಯ ಬೂಟುಗಳ ಮುಂದೆ ತಲೆ ಎತ್ತಿ, "ಎಲ್ಲೂ ಇಲ್ಲ ಸಾರ್. ಭೂಮಿ ನುಂಗಿಬಿಟ್ಟಿದೆ," ಎಂದರು.

ಅಧಿಕಾರಿ ರಾಯರ ಎದೆಯನ್ನು ನೋಡುತ್ತಿದ್ದರು. ಮ್ಯಾನೇಜರೂ ನೋಡಿದರು. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದರು. ಬಿಳಿ ಅಂಗಿಯ ನಡುವೆ, ಎರಡು ಸಾದಾ ಗುಂಡಿಗಳ ಕೆಳಗೆ, ಹಿತ್ತಾಳೆಯ ಅಡ್ಡಡ್ಡ ಬೀಗದಕೈಗಳು ಫಳಫಳ ಹೊಳೆಯುತ್ತಿದ್ದವು.

ರಾಯರೂ ಬಗ್ಗಿ ನೋಡಿಕೊಂಡರು. ಆ ಕ್ಷಣದಲ್ಲಿ ಅವರಷ್ಟು ದಿಗಿಲುಗೊಂಡ ಮನುಷ್ಯ ಆ ಊರಿನಲ್ಲಿ ಇನ್ನೊಬ್ಬನಿರಲಿಲ್ಲ. "ಇದು," ಎಂದರು, "ತಾನಾಗೇ ಬಂದು ಕೂತಿದೆ ಸಾರ್."

"ನಾಲ್ಕೆಳೆ ದಾರ ಹಾಕ್ಕೊಂಡು?" ಎಂದು ಅಧಿಕಾರಿ ಕೇಳಿದರು.

ಆ ಹೊಲಿಗೆ ತಮ್ಮ ಹೆಂಡತಿಯದೇ ಎಂದು ರಾಯರಿಗೆ ಆಗ ಹೊಳೆಯಿತು. ಬೇರೆ ಯಾರೂ ಅಷ್ಟು ಬಿಗಿಯಾಗಿ ಹೊಲಿಯುವುದಿಲ್ಲ. ತೊದಲುತ್ತಾ ವಿಷಯ ಹೇಳಿದರು. ಅಧಿಕಾರಿ ಕತ್ತರಿ ತರಿಸಿ, ಗುಂಡಿಯನ್ನು ತಾವೇ ಕತ್ತರಿಸಿ ಮೇಜಿನ ಮೇಲಿಟ್ಟರು. ರಾಯರ ಅಂಗಿಯ ನಡುವೆ ಒಂದು ಕಿಟಕಿ ತೆರೆದುಕೊಂಡಿತು.

"ಸರಿ, ಗುಂಡಿ ಸಿಕ್ತು. ಈಗ ಇದನ್ನ ಯಾವ ಚೀಲಕ್ಕೆ ಹಾಕ್ತೀರಿ?"

ರಾಯರು ಪ್ರಮಾಣಪತ್ರ ಚಾಚಿದರು. ಅಧಿಕಾರಿ ಓದಿ, ಎರಡೂ ಮುದ್ರೆಗಳನ್ನು ಪರೀಕ್ಷಿಸಿ, ತಮ್ಮ ಕಡತಕ್ಕೆ ಪಿನ್ನು ಚುಚ್ಚಿಕೊಂಡರು. "ಭಾಗ ಆಗೋದಿಲ್ಲ ಅಂತ ಇದೆ. ಹಾಗಾದ್ರೆ ಎರಡೇ ದಾರಿ. ಅಷ್ಟೂ ಗುಂಡಿ ಒಂದೇ ಚೀಲಕ್ಕೆ ಹಾಕಿ. ಇಲ್ಲವಾ, ಒಂದೊಂದು ಗುಂಡಿಗೆ ಒಂದೊಂದು ಚೀಲ ಕೊಡಿ. ನಿಯಮಕ್ಕೆ ಎರಡೂ ಸರಿ."

"ಮೂವತ್ತು ಸಾವಿರದ ಮೂವತ್ತೊಂದು ಚೀಲವಾ ಸಾರ್?" ಮ್ಯಾನೇಜರು ಗೋಡೆ ಹಿಡಿದುಕೊಂಡರು. ಅವರ ಇನ್ನೊಂದು ಕೈ ತನ್ನಷ್ಟಕ್ಕೆ ಖಾನೆಯೊಳಗಿನ ಬಣ್ಣದ ಪುಸ್ತಕದತ್ತ ಹೋಯಿತು. ರಾಯರು ಅದನ್ನು ನೋಡಿದರು. ಸ್ಟೂಲು, ಏಪ್ರನ್ನು, ಇಪ್ಪತ್ತೆರಡು ವರ್ಷ ಎಲ್ಲವೂ ಆ ಖಾನೆಯೊಳಗೆ ಹೋಗುತ್ತಿರುವಂತೆ ಅವರಿಗೆ ಕಂಡಿತು.

ಅಧಿಕಾರಿ ಅವರ ಕಡೆ ತಿರುಗಿದರು. "ಎಣಿಸೋರು ನೀವು ತಾನೆ? ನೀವು ಹೇಳಿ. ಚೀಲಕ್ಕೆ ಎಷ್ಟು?"

ರಾಯರ ತಲೆಯಲ್ಲಿ ಆಗ ಒಂದೂ ಸಂಖ್ಯೆ ಉಳಿದಿರಲಿಲ್ಲ. ಎಲ್ಲವೂ ಮೋಸ ಮಾಡಿ ಹೋಗಿದ್ದವು. ಜೀವನದಲ್ಲಿ ಅವರಿಗೆ ಖಾತ್ರಿಯಿದ್ದದ್ದು ಒಂದೇ ಒಂದು, ಅದೇ ಬಾಯಿಗೆ ಬಂತು. "ಅರವತ್ತು."

ಮ್ಯಾನೇಜರು ನರಳಿದರು. "ಅರವತ್ತಕ್ಕೆ ಮೂವತ್ತೊಂದು ಉಳಿಯುತ್ತೆ ಅಂತ ನಿನ್ನೆನೇ ನೋಡಿದ್ದೀವಲ್ರೀ. ಕಾಗದದ ಮೇಲೇ ಇದೆ."

"ಕಾಗದದ ಮೇಲೆ ನನ್ನ ಜೈಲಿಂದ ಯಾರೂ ಯಾವತ್ತೂ ಓಡಿಹೋಗಿಲ್ಲ," ಎಂದರು ಅಧಿಕಾರಿ. "ಎಣಿಸಿ ನೋಡಿದಾಗ ಮಾತ್ರ ಓಡಿಹೋಗಿರ್ತಾರೆ. ನಾನು ಕಣ್ಣಲ್ಲಿ ಕಂಡಿದ್ದನ್ನೇ ನಂಬೋದು. ಚೀಲಕ್ಕೆ ಅರವತ್ತು ಅಂತ ಚೀಟಿ ಬರೀರಿ. ನನ್ನ ಎದುರಿಗೆ ಕೂಗಲಿ. ಒಂದು ಉಳಿದರೂ ಆರ್ಡರು ರದ್ದು."

ಸಾವಿರದ ಒಂದು ಚೀಲಗಳನ್ನೂ ಬಿಚ್ಚಿ ಸುರಿದರು. ಉಳಿದ ಆ ಗುಂಡಿಯನ್ನೂ ರಾಶಿಗೆ ಸೇರಿಸಿದರು. ರಾಯರು ಎದೆಯ ಕಿಟಕಿಯನ್ನು ಎಡಗೈಯಲ್ಲಿ ಮುಚ್ಚಿಕೊಂಡು ಸ್ಟೂಲು ಹತ್ತಿದರು. ಇದು ತಮ್ಮ ಕೊನೆಯ ಕೂಗು ಎಂದು ಅವರಿಗೆ ಗೊತ್ತಿತ್ತು. ಹಾಗಾಗಿ ಹಿಂದೆಂದೂ ಕೂಗದಷ್ಟು ಚೆನ್ನಾಗಿ ಕೂಗಿದರು. ಒಂದರಿಂದ ನಲವತ್ತಾರರವರೆಗೆ ಒಂದೇ ಉಸಿರು. ಆಮೇಲೆ ಕಣ್ಣು ಮುಚ್ಚಿ, ಎದೆ ತುಂಬ ಒಂದು ದೊಡ್ಡ ಉಸಿರೆಳೆದುಕೊಂಡು, "ನಲವತ್ತೆಂಟು."

ಗುಂಡಿ ಹಿಡಿದ ಅಕ್ಕನ ಕೈ ಗಾಳಿಯಲ್ಲೇ ಒಂದು ಕ್ಷಣ ನಿಂತಿತು. ಅವರು ತಲೆ ಎತ್ತಿ ರಾಯರನ್ನು ನೋಡಿದರು. ರಾಯರು ಕಣ್ಣುಮುಚ್ಚಿ ತಲ್ಲೀನರಾಗಿದ್ದರು. ಎಣಿಸಬಾರದು ಎಂಬುದು ಅವರದೇ ಅಪ್ಪಣೆಯಲ್ಲವೆ ಎಂದು ಅಕ್ಕ ಸುಮ್ಮನಾದರು.

ಮಧ್ಯಾಹ್ನದ ಹೊತ್ತಿಗೆ ಗೋಡೆಯ ಪಕ್ಕ ಚೀಲಗಳು ಎದೆಯೆತ್ತರ ಬೆಳೆದಿದ್ದವು. ಮ್ಯಾನೇಜರು ಚೀಲಗಳನ್ನು ಎಣಿಸಿ ಬೆವರತೊಡಗಿದರು. "ಸಾರ್, ಐನೂರು ಚೀಲ ಆದಾಗ ಮೂವತ್ತೊಂದು ಗುಂಡಿ ಉಳೀಬೇಕಿತ್ತು. ಈಗ ಐನೂರ ನಾಲ್ಕು ಚೀಲ ಆಗಿವೆ. ಮೇಜಿನ ಮೇಲೆ ಇನ್ನೂ ರಾಶಿ ಇದೆ."

ಅಧಿಕಾರಿ ಮೊದಲ ಬಾರಿಗೆ ಕುರ್ಚಿಯಿಂದ ಎದ್ದರು. ಜೈಲಿನಲ್ಲಿ ತಲೆ ಕಡಿಮೆಯಾದದ್ದನ್ನು ಅವರು ಕಂಡಿದ್ದರು. ಹೆಚ್ಚಾದದ್ದನ್ನು ಎಂದೂ ಕಂಡಿರಲಿಲ್ಲ. "ಅದು ಹೇಗ್ರೀ ಹೆಚ್ಚಾಗುತ್ತೆ? ಗುಂಡಿ ಮರಿ ಹಾಕ್ತಾವಾ?"

ಅಕ್ಕ ರಾಶಿಯನ್ನು ಕಣ್ಣಲ್ಲೇ ಅಳೆದು, "ಇದು ಐದು ಚೀಲದಷ್ಟಿದೆ ನೋಡಿ," ಎಂದರು. ಐದು ಜನ ಮಾತ್ರ ಕೂತರು, ಉಳಿದವರು ಅವರ ಬೆನ್ನ ಹಿಂದೆ ನಿಂತರು. ರಾಯರು ಕೂಗಿದರು. ರಾಶಿ ಕರಗುತ್ತಾ ಬಂತು. ಉಸಿರಾಯಿತು, ನಲವತ್ತೆಂಟಾಯಿತು, ಐವತ್ತೆಂಟು, ಐವತ್ತೊಂಬತ್ತು. ಮೇಜಿನ ಮೇಲೆ ಐದೇ ಗುಂಡಿಗಳಿದ್ದವು.

"ಅರವತ್ತು," ಎಂದರು ರಾಯರು. ಐದು ಕೈಗಳು ಐದು ಗುಂಡಿಗಳನ್ನು ಎತ್ತಿಕೊಂಡವು. ಮೇಜು ಖಾಲಿಯಾಯಿತು.

ಅಧಿಕಾರಿ ಮೇಜಿನ ಮೇಲೆ ಅಂಗೈ ಸವರಿ ನೋಡಿದರು. ಕೆಳಗೆ ಬಗ್ಗಿ ನೋಡಿದರು. ರಾಯರ ಎದೆಯನ್ನೂ ಒಮ್ಮೆ ನೋಡಿದರು. ಆಮೇಲೆ ಒಂದು ಚೀಲ ಎಳೆದು, ಬಿಚ್ಚಿ ಸುರಿದು, ಬೆರಳಿನಿಂದ ತಳ್ಳುತ್ತಾ ಎಣಿಸಿದರು.

"ಐವತ್ತೊಂಬತ್ತು."

ಇನ್ನೊಂದು ಬಿಚ್ಚಿದರು. ಅದೂ ಐವತ್ತೊಂಬತ್ತು. ಹೀಗೆ ಹನ್ನೆರಡು ಚೀಲ ಬಿಚ್ಚಿಸಿದರು. ಹನ್ನೆರಡರಲ್ಲೂ ಐವತ್ತೊಂಬತ್ತೇ. ಮ್ಯಾನೇಜರು ಕ್ಯಾಲ್ಕುಲೇಟರಿನಲ್ಲಿ ಐವತ್ತೊಂಬತ್ತನ್ನು ಐನೂರ ಒಂಬತ್ತು ಚೀಲಗಳಿಂದ ಗುಣಿಸಿದರು. ಉತ್ತರ ನೋಡಿ ಕ್ಯಾಲ್ಕುಲೇಟರನ್ನು ಸುಮ್ಮನೆ ಅಧಿಕಾರಿಯ ಕಡೆ ತಿರುಗಿಸಿದರು. 30031.

"ಒಂದೇ ಲೆಕ್ಕ ಇರಬೇಕು ಅನ್ನುತ್ತೆ ನಿಯಮ. ಅರವತ್ತೇ ಇರಬೇಕು ಅನ್ನಲ್ಲ," ಎಂದು ಅಧಿಕಾರಿ ನಿಧಾನವಾಗಿ ಹೇಳಿ, ಚೀಟಿಯಲ್ಲಿ ಅರವತ್ತನ್ನು ಹೊಡೆದು ಐವತ್ತೊಂಬತ್ತು ಎಂದು ತಿದ್ದಿ ಸಹಿ ಹಾಕಿದರು. "ಬಾಯಲ್ಲಿ ಅರವತ್ತು ಅಂತ ಕೂಗಿ, ಚೀಲಕ್ಕೆ ಐವತ್ತೊಂಬತ್ತು ಹಾಕಿಸಿದ್ದಾರೆ. ಅದೂ ಐನೂರ ಒಂಬತ್ತು ಸಲ, ಒಂದೂ ತಪ್ಪದೆ. ಇಂಥವರು ನನ್ನ ಜೈಲಿನ ಒಳಗಿಲ್ಲ ಅನ್ನೋದೇ ನನ್ನ ಪುಣ್ಯ."

"ಯಂತ್ರಕ್ಕೆ ಬರುತ್ತೇನ್ರೀ ಈ ಕೈಚಳಕ?" ಎಂದು ಮ್ಯಾನೇಜರು ಬಣ್ಣದ ಪುಸ್ತಕವನ್ನು ಚಹಾದ ಚರಟ ತುಂಬಿದ ಕಸದ ಬುಟ್ಟಿಗೆ ಹಾಕಿದರು. "ಸಾರ್, ನಿಮ್ಮ ಮುಂದಿನ ಆರ್ಡರೂ ನಮಗೇ ಕೊಡಿ."

"ಕೊಡ್ತೀನಿ. ನಾಳೆಯಿಂದಲೇ ಶುರು ಮಾಡಿ. ಬೆಲ್ಟಿನ ಗುಂಡಿ, ದೊಡ್ಡ ಚೀಲ, ಚೀಲಕ್ಕೆ ನೂರು. ಆದರೆ ಕರಾರುವಾಕ್ಕಾಗಿ ನೂರು," ಎಂದು ಅಧಿಕಾರಿ ರಾಯರ 'ಕಿಟಕಿ'ಯತ್ತ ಬೆರಳು ತೋರಿಸಿದರು. "ಒಂದು ಕಮ್ಮಿ ಬಂದರೂ, ಆ ಒಂದರ ಬದಲಿಗೆ ನಿಮ್ಮನ್ನೇ ಜೈಲಿಗೆ ಕರ್ಕೊಂಡು ಹೋಗ್ತೀನಿ."

ರಾಯರು ಸ್ಟೂಲಿನ ಮೇಲೆ ನಿಂತೇ ಇದ್ದರು. ಅವರು ಕೂಗಿದ್ದು ಅರವತ್ತು. ಪ್ರತಿ ಚೀಲದಿಂದಲೂ ಒಂದೊಂದು ಕದ್ದವರು ಯಾರು? ಅವರ ಮೌನವನ್ನು ಎಲ್ಲರೂ ವಿನಯವೆಂದು ತಿಳಿದರು.

ಸಂಜೆ ಮಾಸ್ತರು ಬಾಗಿಲಲ್ಲೇ ಕಾಯುತ್ತಿದ್ದರು. ರಾಯರು ನಡೆದದ್ದನ್ನೆಲ್ಲ ಹೇಳಿದರು. ಐವತ್ತೊಂಬತ್ತು ಎಂದ ಕೂಡಲೇ ಮಾಸ್ತರು ಗೋಡೆಯ ಮೇಲೆ ಬೆರಳಿನಲ್ಲೇ ಗುಣಿಸಿ, ಮಂಕಾಗಿ ನಿಂತರು. "ಹದಿಮೂರಕ್ಕೆ ನಿಲ್ಲಿಸಬಾರದಿತ್ತು ಕಣ್ರೀ. ಆ ಪತ್ರ ವಾಪಸ್ ಕೊಡಿ, ಹರಿದು ಹಾಕ್ತೀನಿ."

"ಅದು ಜೈಲಿನ ಕಡತದಲ್ಲಿದೆ ಮಾಸ್ತರೇ."

"ನನ್ನ ಮುದ್ರೆ ಸಮೇತವಾ?"

"ಎರಡೂ ಮುದ್ರೆ ಸಮೇತ."

ಮಾಸ್ತರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಆದರೆ ಗಣಿತದ ಮೇಷ್ಟ್ರು ಎಷ್ಟು ಹೊತ್ತು ಸುಮ್ಮನೆ ಕೂರುತ್ತಾರೆ? ಅರವತ್ತು ಕೂಗಿದರೆ ಐವತ್ತೊಂಬತ್ತು ಬೀಳುವ ಮನುಷ್ಯ. ಅರವತ್ತು ಕೂಗಿದರೆ ಐವತ್ತೊಂಬತ್ತು ಇರುವ ಮೆಟ್ಟಿಲು. ಅವರು ತಟ್ಟನೆ ತಲೆ ಎತ್ತಿದರು. "ರಾಯರೇ, ಈಗ ಹತ್ತಿ. ಕೂಗ್ತಾ ಹತ್ತಿ."

ರಾಯರು ಹತ್ತಿದರು. ಮಾಸ್ತರು ಎರಡು ವರ್ಷದಲ್ಲಿ ಮೊದಲ ಬಾರಿಗೆ, ಉತ್ತರವನ್ನು ಬಿಟ್ಟು ದಾರಿಯನ್ನು ಕೇಳಿಸಿಕೊಂಡರು. ನಲವತ್ತಾರು. ಉಸಿರು. ನಲವತ್ತೆಂಟು.

"ನಿಲ್ರೀ," ಎಂದು ಅವರು ಕೂಗಿದ ದನಿಗೆ ಎರಡು ಮಹಡಿಯ ಬಾಗಿಲುಗಳು ತೆರೆದುಕೊಂಡವು. "ನಲವತ್ತೇಳು ಎಲ್ಲಿ?"

"ಹೇಳಿದೆನಲ್ಲ."

"ಹೇಳಲಿಲ್ಲ. ಉಸಿರು ಎಳೆದ್ರಿ. ನಿಮ್ಮ ಉಸಿರು ನಲವತ್ತೇಳನ್ನ ತಿಂದುಹಾಕ್ತು."

ರಾಯರು ಮೇಲಿನ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ನೋಡಿದರು. "ಹೌದೇನೇ?"

"ಮದುವೆ ಆದಾಗಿಂದ ಕೇಳ್ತಾ ಇದೀನಿ," ಎಂದರು ಆಕೆ. "ಅಷ್ಟು ಹತ್ತಿ ಬರ್ತೀರ, ಪಾಪ ಉಸಿರು ತಗೊಳ್ಳಲಿ ಅಂತ ಸುಮ್ಮನಿದ್ದೆ."

ರಾಯರಿಗೆ ಈಗ ಅರ್ಥವಾಯಿತು. ತಮ್ಮನ್ನು ಉಳಿಸಿದ್ದು ಗಂಟಲೂ ಅಲ್ಲ, ಬುದ್ಧಿಯೂ ಅಲ್ಲ, ಒಂದು ಏದುಸಿರು. ಕೆಳಗೆ ಮಾಸ್ತರು ಲೆಕ್ಕ ಮುಂದುವರಿಸಿದ್ದರು. "ನಾಳೆ ನೂರು ತಾನೆ? ನಲವತ್ತೇಳಕ್ಕೆ ಒಂದು ಉಸಿರು, ಅಲ್ಲಿಂದ ನಲವತ್ತಾರು ಕೂಗಿದ ಮೇಲೆ ತೊಂಬತ್ನಾಲ್ಕಕ್ಕೆ ಇನ್ನೊಂದು. ಚೀಲಕ್ಕೆ ತೊಂಬತ್ತೆಂಟೇ ಬೀಳೋದು. ನಿಮ್ಮನ್ನ ಕರ್ಕೊಂಡು ಹೋಗ್ತಾರೆ ರಾಯರೇ."

ಮರುದಿನ ಬೆಳಿಗ್ಗೆ ಅಭ್ಯಾಸ. ಹೆಂಡತಿ ಮೇಲೆ ನಿಂತರು, ಮಾಸ್ತರು ಕೆಳಗೆ ನಿಂತರು. ರಾಯರು ಕೂಗುತ್ತಾ ಇಳಿದರು. ನಲವತ್ತಕ್ಕೇ ನಿಂತು ಉಸಿರು ತಗೊಂಡರು. ನಲವತ್ತೈದು, ನಲವತ್ತಾರು. ಆಮೇಲೆ, ಸ್ಟೂಲು ಹತ್ತಿದ ದಿನದಿಂದ ಮೊದಲ ಬಾರಿಗೆ, "ನಲವತ್ತೇಳು" ಎಂದರು. ಆ ಶಬ್ದ ಬಾಯಿಗೆ ಹೊಸದಾಗಿತ್ತು. ಹೆಂಡತಿಗೆ ಕಣ್ಣು ತುಂಬಿ ಬಂತು. ಐವತ್ತೇಳು, ಐವತ್ತೆಂಟು, ಐವತ್ತೊಂಬತ್ತು. ಅರವತ್ತಿಲ್ಲದೆ ಎಂದೂ ನಿಲ್ಲದ ಕಾಲು, ನಾಲಿಗೆಗಿಂತ ಮೊದಲೇ ಅರವತ್ತನೇ ಮೆಟ್ಟಿಲಿಗೆ ಇಳಿಯಿತು.

ಅಲ್ಲಿ ಮೆಟ್ಟಿಲು ಇರಲಿಲ್ಲ. ಕಾಲು ನೆಲಕ್ಕೆ ಧಡ್ ಎಂದು ಬಡಿದು, ರಾಯರು ಮುಗ್ಗರಿಸಿ ಮಾಸ್ತರ ಪಾದದ ಬಳಿ ಅಡ್ಡಬಿದ್ದರು. ಅಂಗಿಯ ಗುಂಡಿಯೊಂದು ಕಿತ್ತು ಉರುಳಿಹೋಯಿತು.

"ಎಷ್ಟಾಯ್ತು?" ಎಂದು ಮಾಸ್ತರು ಬಗ್ಗಿ ಕೇಳಿದರು.

"ಐವತ್ತೊಂಬತ್ತು," ಎಂದರು ರಾಯರು ನೆಲದಿಂದಲೇ. "ಒಂದು ಗುಂಡಿ ಉಳೀತು."

ಮೇಲಿನಿಂದ ಹೆಂಡತಿಯ ದನಿ ಬಂತು. "ರೀ, ಅದನ್ನ ಜೇಬಿಗೆ ಹಾಕ್ಕೋಬೇಡಿ. ಕೈಯಲ್ಲೇ ಹಿಡ್ಕೊಂಡು ಮೇಲೆ ಬನ್ನಿ, ಹೊಲಿದುಕೊಡ್ತೀನಿ."

ರಾಯರು ಎದ್ದು ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಮೆಟ್ಟಿಲುಗಳ ಬುಡದಲ್ಲಿ ನಿಂತು ಮೇಲೆ ನೋಡಿದರು. ದೊಡ್ಡದೊಂದು ಉಸಿರು ಎಳೆದುಕೊಂಡರು. ಆಮೇಲೆ "ಒಂದು" ಎಂದರು.